ಹೆಸರು ಕೂಗಿದಾಗ

(ಬೆಂಗಳೂರಿನ ಕ್ರೈಸ್ತ ಶಾಲೆಯೊಂದರಲ್ಲಿ ಹೊಸ ವರ್ಷದ ತರಗತಿಗಳು ಶುರುವಾದ ದಿನ ಮಕ್ಕಳು ಮತ್ತು ಶಿಕ್ಷಕರ ಮುಂದೆ ಆಡಿದ ಮಾತು. ಅವತ್ತು ಸಮಯ ಸಾಲದೆ ಬಿಟ್ಟಿದ್ದನ್ನು ಬರೆಯುವಾಗ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮಕ್ಕಳೇ, ಈಗ ತಾನೇ "ಗುಡ್ ಮಾರ್ನಿಂಗ್ ಮಿಸ್" ಅಂತ ರಾಗವಾಗಿ ಎಳೆದಿರಲ್ಲ, ಅದನ್ನು ಕೇಳಿ ನನಗೆ ಮೂರು ವರ್ಷ ಆಗಿತ್ತು. ನಿವೃತ್ತಿಯಾದ ಮೇಲೆ ಯಾರೂ ನನಗೆ ಹಾಡಿ ಗುಡ್ ಮಾರ್ನಿಂಗ್ ಹೇಳಿಲ್ಲ. ಮನೆಯಲ್ಲಿ "ಕಾಫಿ ಆಯ್ತಾ?" ಅಂತಾರೆ, ಅಷ್ಟೆ.

ನಿರೂಪಣೆ ಮಾಡಿದ ಹುಡುಗಿ ನನ್ನ ಪರಿಚಯ ಚೆನ್ನಾಗಿ ಮಾಡಿಕೊಟ್ಟಳು. ಹೆಸರು ಮಾತ್ರ ಸ್ವಲ್ಪ ಜಾರಿತು. ತಪ್ಪು ಅವಳದ್ದಲ್ಲ. ಅವಳ ಕೈಯಲ್ಲಿದ್ದ ಕಾರ್ಡಿನಲ್ಲಿ ಹೆಸರು ಇಂಗ್ಲಿಷಿನಲ್ಲಿತ್ತು. ನನ್ನ ಹೆಸರಿನಲ್ಲಿ ಒಂದು ಳ ಇದೆ. ಇಂಗ್ಲಿಷಿಗೆ ಆ ಅಕ್ಷರ ಗೊತ್ತಿಲ್ಲ. ಹಾಗಾಗಿ ಅದು ಲ ಆಗಿ ಹೊರಗೆ ಬಂತು. ಬೇಜಾರೇನಿಲ್ಲ. ಇವತ್ತು ಏನು ಮಾತಾಡಬೇಕು ಅಂತ ಒಂದು ವಾರ ಯೋಚಿಸಿ ಒಂದು ಹಾಳೆ ಬರೆದು ತಂದಿದ್ದೇನೆ. ಆ ಹಾಳೆಯಲ್ಲಿ ಇರುವುದೂ ಹೆಸರಿನ ವಿಚಾರವೇ. ಅವಳು ನನ್ನ ಪೀಠಿಕೆಯ ಕೆಲಸ ಉಳಿಸಿದಳು.

ಹೋದ ವಾರ ಮೊಮ್ಮಗಳ ಪುಸ್ತಕ ತರೋಕೆ ಅವೆನ್ಯೂ ರೋಡಿಗೆ ಹೋಗಿದ್ದೆ. ಮೇ ಕೊನೆಗೆ ಅಲ್ಲಿ ಕಾಲಿಡೋಕೆ ಜಾಗ ಇರುವುದಿಲ್ಲ, ನಿಮ್ಮ ಅಪ್ಪ ಅಮ್ಮಂದಿರಿಗೆ ಗೊತ್ತು. ಒಂದು ಕೈಯಲ್ಲಿ ಶಾಲೆ ಕೊಟ್ಟ ಪಟ್ಟಿ, ಇನ್ನೊಂದು ಕೈಯಲ್ಲಿ ಮಗು, ಮೇಲೆ ಮಳೆ. ಪುಸ್ತಕ, ಬ್ರೌನ್ ಶೀಟು, ಲೇಬಲ್ ಎಲ್ಲಾ ತಂದು ರಾತ್ರಿ ಊಟ ಆದ ಮೇಲೆ ನೆಲದ ಮೇಲೆ ಹರಡಿಕೊಂಡು ಬೈಂಡ್ ಹಾಕೋಕೆ ಕೂತೆವು. ಮೊಮ್ಮಗಳಿಗೆ ಈ ವರ್ಷ ಮೂರನೇ ಕ್ಲಾಸು. ಲೇಬಲ್ ಮೇಲೆ ತಾನೇ ಬರೆಯಬೇಕು ಅಂತ ಹಟ. ಮೊದಲನೇ ಲೇಬಲ್ಲಿನಲ್ಲಿ ಹೆಸರನ್ನು ಎಷ್ಟು ದಪ್ಪ ಬರೆದಳು ಅಂದರೆ ಕೊನೆಯ ಎರಡು ಅಕ್ಷರಕ್ಕೆ ಜಾಗ ಉಳಿಯಲಿಲ್ಲ. ಅವು ಗೆರೆಯಿಂದ ಕೆಳಗಿಳಿದು ಸೆಕ್ಷನ್ ಬರೆಯುವ ಜಾಗದಲ್ಲಿ ಕೂತವು. "ಬೇರೆ ಲೇಬಲ್ ಕೊಡ್ತೀನಿ ಇರು" ಅಂದೆ. "ಬೇಡ ಅಜ್ಜಿ, ಪೂರ್ತಿ ಹೆಸರು ಬಂದಿದೆಯಲ್ಲ" ಅಂದಳು. ಗಣಿತದ ಪುಸ್ತಕಕ್ಕೆ ಅದೇ ಅಂಟಿದೆ. ಒಳಗೆ ಏನಿದೆ ಅಂತ ಇನ್ನೂ ಒಂದು ಪುಟ ತಿರುಗಿಸಿಲ್ಲ. ಹೊರಗೆ ಹೆಸರು ಆಗಲೇ ಕೂತಿದೆ.

ಅದೇ ಅವೆನ್ಯೂ ರೋಡಿನ ಗದ್ದಲದ ಮಧ್ಯೆ ರೈಸ್ ಸ್ಮಾರಕ ಚರ್ಚ್ ಇದೆ. ರೈಸ್ ಅಂದರೆ ಅನ್ನ ಅಂತ ನಾನು ಚಿಕ್ಕವಳಿದ್ದಾಗ ಅಂದುಕೊಂಡಿದ್ದೆ, ನಗಬೇಡಿ. ಅದು ಲಂಡನ್ ಮಿಷನ್ನಿನ ಬೆಂಜಮಿನ್ ರೈಸ್ ಎಂಬ ಪಾದ್ರಿಯವರ ಹೆಸರು. 1840ರ ಸುಮಾರಿಗೆ ಅವರ ಹೆಂಡತಿ ಮತ್ತು ಸೀವೆಲ್ ಎಂಬ ಇನ್ನೊಬ್ಬ ಪಾದ್ರಿಯವರ ಹೆಂಡತಿ ಸೇರಿ ಬೆಂಗಳೂರಿನಲ್ಲಿ ಕನ್ನಡ ಹೆಣ್ಣುಮಕ್ಕಳಿಗಾಗಿ ಶಾಲೆ ತೆರೆದರು. ಹೆಣ್ಣುಮಕ್ಕಳಿಗೆ ಓದು ಯಾಕೆ ಅಂತ ಊರೆಲ್ಲ ಕೇಳುತ್ತಿದ್ದ ಕಾಲ. ಹಳೆಯ ಪುಸ್ತಕಗಳಲ್ಲಿ ಇವರಿಬ್ಬರೂ ಮಿಸೆಸ್ ರೈಸ್, ಮಿಸೆಸ್ ಸೀವೆಲ್ ಅಂತಲೇ ಬರುತ್ತಾರೆ. ಹೆಣ್ಣುಮಕ್ಕಳ ಹೆಸರನ್ನು ಹಾಜರಿ ಪುಸ್ತಕಕ್ಕೆ ಏರಿಸಿದವರು ತಾವು ಗಂಡನ ಹೆಸರಿನ ಹಿಂದೆ ನಿಂತುಬಿಟ್ಟರು. ನನಗೆ ಇದು ಯಾವಾಗಲೂ ಸ್ವಲ್ಪ ಚುಚ್ಚುತ್ತದೆ.

ರೈಸ್ ದಂಪತಿಗಳ ಮಗ ಬಿ. ಎಲ್. ರೈಸ್. ಹುಟ್ಟಿದ್ದು ಇದೇ ಬೆಂಗಳೂರಿನಲ್ಲಿ, 1837ರಲ್ಲಿ. ಹೈಸ್ಕೂಲಿನ ಹೆಡ್‌ಮಾಸ್ಟರ್ ಆಗಿದ್ದರು, ಆಮೇಲೆ ಶಾಲಾ ಇನ್ಸ್‌ಪೆಕ್ಟರ್ ಆದರು. ಶಾಲೆ ತಪಾಸಣೆಗೆ ಊರೂರು ತಿರುಗುವಾಗ ಗುಡಿ ಮುಂದೆ, ಹೊಲದ ಬದುವಿನಲ್ಲಿ, ಕೆರೆ ಏರಿ ಮೇಲೆ ಬರಹ ಕೊರೆದ ಕಲ್ಲುಗಳು ಕಂಡವು. ಅವನ್ನು ಓದಿಸಿ, ಬರೆಸಿ, 12 ಸಂಪುಟಗಳಲ್ಲಿ ಸುಮಾರು 9,000 ಶಾಸನಗಳನ್ನು ಅಚ್ಚು ಹಾಕಿಸಿದರು. 'ಎಪಿಗ್ರಾಫಿಯಾ ಕರ್ನಾಟಿಕಾ' ಅಂತ ನಿಮ್ಮ ಸಮಾಜದ ಪುಸ್ತಕದಲ್ಲಿ ಒಂದು ಸಾಲಿನಲ್ಲಿ ಬರುತ್ತದಲ್ಲ, ಅದು. ಆ ಕಲ್ಲುಗಳಲ್ಲಿ ರಾಜರ ಹೆಸರು ಇರುವುದು ಸಹಜ. ಆದರೆ ದನ ಕಾಯೋಕೆ ಹೋಗಿ ಸತ್ತವನು, ಊರ ಕಾಳಗದಲ್ಲಿ ಬಿದ್ದವನು, ಇಂಥವರ ಹೆಸರೂ ಇವೆ. ಇಲ್ಲೇ ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿ ಸುಮಾರು 890ರ ಒಂದು ವೀರಗಲ್ಲು ಇದೆ. ಇದು ರೈಸ್ ಆದ ಮೇಲೆ ಬೆಳಕಿಗೆ ಬಂದದ್ದು. ಅದರಲ್ಲಿ "ಬೆಂಗಳೂರು ಕಾಳಗ" ಅಂತ ಬರೆದಿದೆ. ಬೆಂದ ಕಾಳು ತಿಂದ ರಾಜನ ಕಥೆ ಹೇಳುತ್ತೇವಲ್ಲ, ಆ ರಾಜ ಹುಟ್ಟುವ ಎಷ್ಟೋ ಮೊದಲೇ ಊರು ತನ್ನ ಹೆಸರಿಗೆ "ಇದ್ದೀನಿ" ಅಂದಿದೆ.

ಅದೇ ಊರನ್ನು ಇಂಗ್ಲಿಷಿನಲ್ಲಿ ಬ್ಯಾಂಗಲೋರ್ ಅಂತ ಕರೆದೆವು. ಅದನ್ನು ಸರ್ಕಾರಿ ಕಾಗದದಲ್ಲಿ ಬೆಂಗಳೂರು ಅಂತ ತಿದ್ದಿದ್ದು 2014ರ ನವೆಂಬರ್ 1ಕ್ಕೆ. ಒಂದು ಊರಿನ ಹೆಸರು ಸರಿಯಾಗೋಕೆ ಇಷ್ಟು ಕಾಲ ಬೇಕಾಯಿತು. ಇನ್ನು ಆರನೇ ಕ್ಲಾಸಿನ ಬಿ ಸೆಕ್ಷನ್ನಿನಲ್ಲಿ ಕಿಟಕಿ ಪಕ್ಕ ಕೂತ ಹುಡುಗನ ಹೆಸರು?

ಈಗ ಶಿಕ್ಷಕರ ಕಡೆ ತಿರುಗುತ್ತೇನೆ. ಮಕ್ಕಳೇ, ನೀವೂ ಕೇಳಿಸಿಕೊಳ್ಳಿ, ಆದರೆ ಕೇಳಿಸಿಕೊಳ್ಳದ ಹಾಗೆ ಇರಿ.

ನಾನು ಪಾಠ ಮಾಡೋಕೆ ಶುರು ಮಾಡಿದ ಮೊದಲ ವರ್ಷ ನನಗೆ 24. ಶಾಲೆ ಇದೇ ಊರಿನದ್ದು, ಹೆಸರು ಬೇಡ. ಮೊದಲ ದಿನ ಕೈಗೆ ಹಾಜರಿ ಪುಸ್ತಕ ಕೊಟ್ಟರು. 52 ಹೆಸರು, ಎಲ್ಲಾ ಇಂಗ್ಲಿಷಿನಲ್ಲಿ. ಇಂಗ್ಲಿಷಿನಲ್ಲಿ ಬರೆದ ನಮ್ಮ ಹೆಸರಿಗೆ ಹ್ರಸ್ವ ದೀರ್ಘ ಇರುವುದಿಲ್ಲ, ಗೊತ್ತಲ್ವಾ? ಕಮಲ್ ಅಂತ ಬರೆದಿದ್ದರೆ ಅದು ಕಮಲ್ ಇರಬಹುದು, ಕಮಾಲ್ ಇರಬಹುದು. ಕೊನೆಗೆ ಒಂದು ಅಕ್ಷರ ಜಾಸ್ತಿ ಬಿದ್ದರೆ ಕಮಲಾ ಆಗಿಬಿಡುತ್ತದೆ. ಅಂಥದೇ ಒಂದು ಹೆಸರು ಆ ಪುಸ್ತಕದಲ್ಲಿತ್ತು. ದೀರ್ಘ ಇರಬೇಕಾದ ಕಡೆ ನಾನು ಹ್ರಸ್ವ ಮಾಡಿ ಕೂಗಿದೆ. ಹುಡುಗನ ಹೆಸರು ಹುಡುಗಿಯ ಹೆಸರಾಯಿತು. ಕ್ಲಾಸು ಗೊಳ್ ಅಂತ ನಕ್ಕಿತು. ನಾನೂ ನಕ್ಕೆ. ನಾನು ನಕ್ಕಿದ್ದೇ ತಪ್ಪಾಯಿತು.

ಪೀರಿಯಡ್ ಮುಗಿದ ಮೇಲೆ ಆ ಹುಡುಗ ಟೇಬಲ್ ಹತ್ತಿರ ಬಂದ. ತೋಳು ಉದ್ದದ ಹೊಸ ಶರ್ಟು, ಇಸ್ತ್ರಿಯ ಗೆರೆ ಇನ್ನೂ ಹೋಗಿರಲಿಲ್ಲ. "ಮಿಸ್, ನನ್ನ ಹೆಸರು ಹಾಗಲ್ಲ" ಅಂದ. ಹೇಗೆ ಅಂತಲೂ ಹೇಳಿದ. ನಾನು ಬೋರ್ಡ್ ಒರೆಸುತ್ತಾ "ಸರಿ ಸರಿ, ಹೋಗಿ ಕೂತ್ಕೋ" ಅಂದೆ. ಮಾರನೇ ದಿನದಿಂದ ಸರಿಯಾಗಿಯೇ ಕೂಗಿದೆ. ಆದರೆ ಅಷ್ಟು ಹೊತ್ತಿಗೆ ಆ ಹೆಣ್ಣುಹೆಸರಿನ ಕೊನೆಗೆ ಒಂದು 'ಅಮ್ಮ' ಸೇರಿಸಿ ಹುಡುಗರು ಅವನಿಗೆ ಅಡ್ಡಹೆಸರು ಕಟ್ಟಿ ಆಗಿತ್ತು. ಹತ್ತನೇ ಕ್ಲಾಸು ಮುಗಿಯುವವರೆಗೆ ಅದು ಅವನ ಬೆನ್ನು ಬಿಡಲಿಲ್ಲ. ಹೆಸರಿನ ಬಗ್ಗೆ ಇಷ್ಟು ಮಾತಾಡುವವಳು ಅವನ ಹೆಸರನ್ನೇ ಹೇಳುತ್ತಿಲ್ಲ, ನೋಡಿ. ಅವನು ಇದೇ ಊರಲ್ಲಿದ್ದಾನೆ. ಹಳೆಯದನ್ನು ನಾನೇ ಮತ್ತೆ ಎಬ್ಬಿಸುವುದು ಬೇಡ.

ಅನೇಕ ವರ್ಷ ಆದ ಮೇಲೆ ರಸೆಲ್ ಮಾರ್ಕೆಟ್ಟಿನಲ್ಲಿ ಹಣ್ಣು ಕೊಳ್ಳುವಾಗ ಹಿಂದಿನಿಂದ "ಮಿಸ್" ಅಂತ ಯಾರೋ ಕರೆದರು. ಅವನೇ. ಪ್ರೀತಿಯಿಂದ ಮಾತಾಡಿಸಿದ. ನನ್ನ ಚೀಲ ಆಟೋದವರೆಗೂ ಹೊತ್ತು ತಂದ. ಜೊತೆಯಲ್ಲಿ ನಾಲ್ಕೈದು ವರ್ಷದ ಮಗಳು. "ನಿನ್ನ ಹೆಸರೇನಮ್ಮಾ?" ಅಂದೆ. ಮಗು ಬಾಯಿ ತೆರೆಯುವ ಮೊದಲೇ ಅವನು ಹೇಳಿದ. ಬಿಡಿಬಿಡಿಯಾಗಿ, ಎರಡು ಸಲ.

ಇದನ್ನು ಸುಮ್ನೆ ಭಾವುಕಳಾಗಿ ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ಇದರಲ್ಲಿ ಆಫೀಸಿನ ಕೆಲಸವೂ ಇದೆ. ಒಂದನೇ ಕ್ಲಾಸಿನ ಅಡ್ಮಿಷನ್ ಫಾರಂನಲ್ಲಿ ಬಿದ್ದ ತಪ್ಪು ಸ್ಯಾಟ್ಸ್‌ಗೆ, ಅಂದರೆ ಶಿಕ್ಷಣ ಇಲಾಖೆ ಮಕ್ಕಳ ವಿವರ ಇಡುವ ಆನ್‌ಲೈನ್ ದಾಖಲೆಗೆ, ಹೋಗುತ್ತದೆ. ಅಲ್ಲಿಂದ ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿಗೆ. ಅಲ್ಲಿಂದ ಪಾಸ್‌ಪೋರ್ಟಿಗೆ. ಆಧಾರ್‌ನಲ್ಲಿ ಒಂದು, ಮಾರ್ಕ್ಸ್ ಕಾರ್ಡಿನಲ್ಲಿ ಇನ್ನೊಂದು. ಅಪ್ಪ ಕೆಲಸಕ್ಕೆ ರಜೆ ಹಾಕಿ, ಅಫಿಡವಿಟ್ ಮಾಡಿಸಿ, ಕಿಟಕಿಯಿಂದ ಕಿಟಕಿಗೆ ಓಡಾಡಬೇಕು. ನಮ್ಮ ಕಡೆಯವರಿಗೆ ಸರ್‌ನೇಮ್ ಎಂಬುದು ಇರುವುದೇ ಕಡಿಮೆ. ಊರಿನ ಒಂದು ಅಕ್ಷರ, ಅಪ್ಪನ ಒಂದು ಅಕ್ಷರ, ಆಮೇಲೆ ನಮ್ಮ ಹೆಸರು. ಫಾರಂ ಮಾತ್ರ ಸರ್‌ನೇಮ್ ಬೇಕೇ ಬೇಕು ಅನ್ನುತ್ತದೆ. ಆಗ ಅಪ್ಪನ ಹೆಸರು ಹೋಗಿ ಮಗುವಿನ ಬಾಲ ಆಗುತ್ತದೆ. ಬಾಲದ ಮಾತು ಬಂತು, ಒಂದು ಹೇಳಿಬಿಡುತ್ತೇನೆ. ಕೆಲವರಿಗೆ ಹೆಸರಿನ ಕೊನೆಯನ್ನು ಓದಿ, ಆಮೇಲೆ ತಲೆ ಎತ್ತಿ ಮಗುವಿನ ಮುಖ ನೋಡುವ ಅಭ್ಯಾಸ ಇದೆ. ಮಗುವಿಗೆ ಅದು ತಿಳಿಯುವುದಿಲ್ಲ ಅಂತ ದೊಡ್ಡವರು ಅಂದುಕೊಂಡಿದ್ದಾರೆ. ತಿಳಿಯುತ್ತದೆ.

ಈಗ ತಾನೇ ಪಾದ್ರಿ ಅಯ್ಯನವರು ಸತ್ಯವೇದದಿಂದ, ಅಂದರೆ ಬೈಬಲಿನಿಂದ, ಸಮುವೇಲನ ಕಥೆ ಓದಿದರು. ನಾನು ಕ್ರೈಸ್ತಳಲ್ಲ. ನಮ್ಮಮ್ಮ ಶನಿವಾರ ತಪ್ಪದೆ ಆಂಜನೇಯನ ಗುಡಿಗೆ ಹೋಗುತ್ತಿದ್ದರು, ಈಗ ನಾನು ಹೋಗುತ್ತೇನೆ. ಆದರೆ 31 ವರ್ಷ ಕ್ರೈಸ್ತ ಶಾಲೆಗಳಲ್ಲಿ ಬೆಳಗಿನ ಪ್ರಾರ್ಥನೆಗೆ ನಿಂತವಳಿಗೆ ಈ ಕಥೆಗಳೆಲ್ಲ ಮನೆಯವೇ ಆಗಿಹೋಗಿವೆ. ಅದರಲ್ಲೂ ಇದು. ಯಾಕೆ ಅಂದರೆ, ನನ್ನ ಲೆಕ್ಕದಲ್ಲಿ ಇದು ಹಾಜರಿ ಕೂಗುವ ಕಥೆ.

ಹುಡುಗ ದೇವಾಲಯದಲ್ಲಿ ಮಲಗಿದ್ದಾನೆ. ರಾತ್ರಿ ಯಾರೋ ಹೆಸರು ಹಿಡಿದು ಕರೆಯುತ್ತಾರೆ. ಎದ್ದು ಮುದುಕ ಗುರು ಏಲಿಯ ಹತ್ತಿರ ಓಡುತ್ತಾನೆ, "ಇಗೋ ಬಂದೆ, ಕರೆದಿರಲ್ಲ." ಏಲಿಗೆ ಕಣ್ಣು ಮಂಜು. "ನಾನು ಕರೆದಿಲ್ಲಪ್ಪ, ಹೋಗಿ ಮಲಗು." ಮತ್ತೆ ಕರೆ, ಮತ್ತೆ ಓಟ. ಮೂರನೇ ಸಲ ಮುದುಕನಿಗೆ ಹೊಳೆಯುತ್ತದೆ, ಈ ಮಗುವನ್ನು ಕರೆಯುತ್ತಿರುವುದು ದೇವರು ಅಂತ. ಮುಂದಿನ ಸಲ ಕರೆದರೆ ಏನು ಹೇಳಬೇಕು ಅಂತ ಹೇಳಿಕೊಡುತ್ತಾನೆ. ನಿದ್ದೆಗೆಟ್ಟು ಮೂರು ಸಲ ಎಬ್ಬಿಸಿದರೂ ಬೈಯ್ಯಲಿಲ್ಲ, ಅದನ್ನೂ ಗಮನಿಸಿ. ಹಾಸ್ಟೆಲ್ ವಾರ್ಡನ್‌ಗಳಿಗೆ ಇದು ಅರ್ಥ ಆಗುತ್ತದೆ.

ಭಾನುವಾರದ ಶಾಲೆಯಲ್ಲಿ ಕಥೆ ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತದೆ. ನಿಜವಾದ ಕಷ್ಟ ಶುರುವಾಗುವುದು ಬೆಳಗಾದ ಮೇಲೆ. ಆ ರಾತ್ರಿ ಮಗುವಿಗೆ ಬಂದ ಮಾತು ಏಲಿಗೇ ವಿರುದ್ಧವಾಗಿತ್ತು. ಅವನ ಮಕ್ಕಳು ಕೆಟ್ಟಿದ್ದಾರೆ, ಅವನು ತಡೆಯಲಿಲ್ಲ, ಅವನ ಮನೆತನಕ್ಕೆ ಶಿಕ್ಷೆ ಆಗುತ್ತದೆ ಅಂತ. ಸಮುವೇಲನಿಗೆ ಹೇಳೋಕೆ ಭಯ. ಬಾಗಿಲು ತೆರೆಯುವ ಕೆಲಸ ಮಾಡುತ್ತಾ ಸುಮ್ಮನಿದ್ದ. ಏಲಿಯೇ ಕರೆದು, ಒಂದೂ ಮುಚ್ಚಿಡಬೇಡ, ಪೂರ್ತಿ ಹೇಳು ಅಂತ ಕೇಳಿದ. ಹುಡುಗ ಹೇಳಿದ. ಮುದುಕ ಕೇಳಿಸಿಕೊಂಡ. ಸಿಟ್ಟಾಗಲಿಲ್ಲ. ದೇವರಿಗೆ ಸರಿ ಕಂಡದ್ದು ಆಗಲಿ ಅಂದ.

ನನ್ನ ಟೇಬಲ್ ಹತ್ತಿರ ಬಂದು "ನನ್ನ ಹೆಸರು ಹಾಗಲ್ಲ" ಅಂದ ಹುಡುಗ ಹೇಳಿದ್ದು ಇದಕ್ಕಿಂತ ಎಷ್ಟು ಚಿಕ್ಕದು! ನಾನು ಡಸ್ಟರ್ ಕೆಳಗಿಟ್ಟು ಅರ್ಧ ನಿಮಿಷ ಅವನ ಕಡೆ ತಿರುಗಬಹುದಿತ್ತು. ಮಾರನೇ ದಿನ ಕ್ಲಾಸಿನ ಮುಂದೆ "ನಿನ್ನೆ ನಾನು ತಪ್ಪು ಓದಿದೆ" ಅನ್ನಬಹುದಿತ್ತು. ಮೇಷ್ಟ್ರುಗಳ ಬಾಯಲ್ಲಿ ಆ ವಾಕ್ಯ ಸುಲಭಕ್ಕೆ ಬರುವುದಿಲ್ಲ, ನನಗೆ ಬರೋಕೆ ಹದಿನೈದು ವರ್ಷ ಹಿಡಿಯಿತು.

ಹೊಸ ಒಡಂಬಡಿಕೆಯಲ್ಲೂ ಇಂಥದೊಂದು ಜಾಗ ಇದೆ. ಸಮಾಧಿಯ ಹತ್ತಿರ ಅಳುತ್ತಾ ನಿಂತ ಮಗ್ದಲದ ಮರಿಯಳಿಗೆ ಎದುರಿಗೆ ಇರುವವನು ಯೇಸು ಅಂತ ಗೊತ್ತಾಗುವುದಿಲ್ಲ. ತೋಟದವನು ಅಂದುಕೊಳ್ಳುತ್ತಾಳೆ. ಅವನು "ಮರಿಯಳೇ" ಅನ್ನುತ್ತಾನೆ, ಅಷ್ಟೇ. ಅವಳು ತಿರುಗಿ "ರಬ್ಬೂನೀ" ಅನ್ನುತ್ತಾಳೆ. ಹಾಗಂದರೆ ಗುರುವೇ ಅಂತ. ಕಣ್ಣಿಗೆ ಸಿಗದ ಗುರುತು ಹೆಸರು ಕೂಗಿದ ದನಿಗೆ ಸಿಕ್ಕಿತು. ಮತ್ತು ಅವಳ ಬಾಯಿಗೆ ಬಂದದ್ದು ಮೇಷ್ಟ್ರೇ ಎಂಬ ಮಾತು. ನಮ್ಮ ಸ್ಟಾಫ್ ರೂಮಿನಲ್ಲಿ ಇದನ್ನು ಬರೆದು ಅಂಟಿಸಬೇಕು ಅಂತ ಒಂದು ಸಲ ಹೇಳಿದ್ದೆ. ಟೈಮ್ ಟೇಬಲ್ ಅಂಟಿಸೋಕೇ ಗೋಡೆ ಸಾಲುತ್ತಿರಲಿಲ್ಲ.

ಸರಿ, ಕನ್ನಡ ಟೀಚರ್ ಮೈಕ್ ಹಿಡಿದ ಮೇಲೆ ಕಿಟ್ಟೆಲ್ ಬರದೇ ಇರುತ್ತಾರೆಯೇ? ಎಂ. ಜಿ. ರಸ್ತೆಯಲ್ಲಿ ಅವರ ಪ್ರತಿಮೆ ನೋಡಿರುತ್ತೀರಿ. ಫರ್ಡಿನಾಂಡ್ ಕಿಟ್ಟೆಲ್ ಜರ್ಮನಿಯವರು. ಬಾಸೆಲ್ ಮಿಷನ್ನಿನ ಪಾದ್ರಿಯಾಗಿ 1853ರಲ್ಲಿ ಇಲ್ಲಿಗೆ ಬಂದಾಗ ವಯಸ್ಸು 21. ಅವರ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿದ್ದು 1894ರಲ್ಲಿ. ನಡುವೆ 41 ವರ್ಷ. 1,700ಕ್ಕೂ ಹೆಚ್ಚು ಪುಟ, ಸುಮಾರು 70,000 ಪದ. ಅದರಲ್ಲಿ ಹಳೆಗನ್ನಡ ಕಾವ್ಯದ ಮಾತೂ ಇದೆ, ಗಾದೆಯೂ ಇದೆ, ಜನ ದಿನಾ ಬಳಸುವ ಮಾತೂ ಇದೆ. ಅದೂ ಒಂದು ಹಾಜರಿ ಪುಸ್ತಕವೇ. ಒಂದೊಂದು ಪದವನ್ನೂ ಕೂಗಿ, ಅದು "ಇದ್ದೀನಿ" ಅಂದ ಮೇಲೆ ಬರೆದುಕೊಂಡ ಹಾಗಿದೆ.

ಇದಕ್ಕೂ ಮೊದಲೇ, 1872ರಲ್ಲಿ, ಅವರು ಕೇಶಿರಾಜನ ಹಳೆಗನ್ನಡ ವ್ಯಾಕರಣ 'ಶಬ್ದಮಣಿದರ್ಪಣ'ವನ್ನು ಅಚ್ಚು ಹಾಕಿಸಿದ್ದರು. ಕೇಶಿರಾಜನಿಗೆ ೞ ಎಂಬ ಅಕ್ಷರದ ಬಗ್ಗೆ ಬಹಳ ಕಾಳಜಿ. ನಿಮ್ಮ ಕ್ಲಾಸಿನ ತಮಿಳು ಹುಡುಗಿಯರ ಹೆಸರಿನಲ್ಲಿ ಒಂದು ಅಕ್ಷರ ಬರುತ್ತದಲ್ಲ, ನಾಲಿಗೆ ಮೇಲಕ್ಕೆ ಮಡಿಸಿದರೂ ಎಲ್ಲೂ ತಾಗದ್ದು, ಅದೇ. ಹಿಂದೆ ನಮ್ಮಲ್ಲೂ ಇತ್ತು. ಏಳು, ಬಾಳೆ ಇವೆಲ್ಲ ಹಳೆಗನ್ನಡದಲ್ಲಿ ಆ ಅಕ್ಷರದವು. ಆಮೇಲೆ ಅದನ್ನು ಕಳೆದುಕೊಂಡೆವು. ಹಾಗಾಗಿ ತಮಿಳು ಹೆಸರು ಕಷ್ಟ ಅಂತ ಮೂಗು ಮುರಿಯುವಂತಿಲ್ಲ, ಅದು ನಮ್ಮ ಮನೆಯಿಂದಲೇ ಹೋದ ಅಕ್ಷರ.

ಈಗ ಸ್ವಲ್ಪ ಖಾರದ ಮಾತು. ಕಿಟ್ಟೆಲ್ ಅವರಂಥ ಪಾದ್ರಿಗಳು ಕನ್ನಡ ಕಲಿಯೋಕೆ ಜೀವ ತೇದರು. ಅಂಥವರ ಹೆಸರು ಹೇಳಿಕೊಳ್ಳುವ ಶಾಲೆಯೊಂದರಲ್ಲಿ, ನಾನು ಕೆಲಸ ಮಾಡುತ್ತಿದ್ದಾಗ, ಕನ್ನಡ ಮಾತಾಡಿದರೆ ಒಂದು ರೂಪಾಯಿ ದಂಡ. ಕ್ಲಾಸ್ ಲೀಡರ್ ಒಂದು ಜಾಮಿಟ್ರಿ ಬಾಕ್ಸಿನಲ್ಲಿ ದುಡ್ಡು ಕೂಡಿಸುತ್ತಿದ್ದ. ಕನ್ನಡ ಪೀರಿಯಡ್ಡಿಗೆ ಮಾತ್ರ ವಿನಾಯಿತಿ. ಇಂಗ್ಲಿಷ್ ಚೆನ್ನಾಗಿ ಬರಲಿ ಅಂತ ಮಾಡಿದ್ದು, ಕೆಟ್ಟ ಮನಸ್ಸಿನಿಂದಲ್ಲ, ಒಪ್ಪುತ್ತೇನೆ. ಅಪ್ಪ ಅಮ್ಮಂದಿರೂ ಅದನ್ನೇ ಕೇಳುತ್ತಿದ್ದರು. ಆದರೆ ಅಲ್ಲಿ ಒಬ್ಬರು ಆಯಮ್ಮ ಇದ್ದರು. ಅವರಿಗೆ ಬರುತ್ತಿದ್ದದ್ದು ಕನ್ನಡ ಒಂದೇ. ಊಟದ ಬೆಲ್ ಆದಾಗ "ಕೈ ತೊಳ್ಕೊಂಡ್ರಾ?" ಅಂತ ಕೇಳಿದರೆ ಮಕ್ಕಳು ಆ ಕಡೆ ಈ ಕಡೆ ನೋಡಿ, ಬರೀ ತಲೆ ಆಡಿಸಿ ಓಡುತ್ತಿದ್ದರು. ಬಾಯಿ ಬಿಟ್ಟರೆ ಒಂದು ರೂಪಾಯಿ.

ಆ ಶಾಲೆಯ ಬೆಲ್ ಹೊಡೆಯುತ್ತಿದ್ದವರೂ ಅವರೇ. ಬೆಲ್ ಅಂದರೆ ಎಲೆಕ್ಟ್ರಿಕ್ ಬೆಲ್ಲಲ್ಲ. ರೈಲು ಕಂಬಿಯ ಒಂದು ತುಂಡು, ಅಂಗಳದ ಮರದ ಕೊಂಬೆಗೆ ತಂತಿಯಲ್ಲಿ ನೇತುಹಾಕಿತ್ತು. ಹೊಡೆಯೋಕೆ ಒಂದು ದಪ್ಪ ಬೋಲ್ಟು. ಬೋಲ್ಟಿನ ಹಿಡಿಯ ಕಡೆ ಅವರು ಹಳೇ ಸೀರೆಯ ಚೂರು ಸುತ್ತಿದ್ದರು, ಕೈ ಝುಮ್ ಅನ್ನದಿರಲಿ ಅಂತ. ಕಂಬಿಯಲ್ಲಿ ಪೆಟ್ಟು ಬೀಳುವ ಜಾಗ ಮಾತ್ರ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು, ಉಳಿದದ್ದೆಲ್ಲ ತುಕ್ಕು. ದಿನಕ್ಕೆ ಹನ್ನೊಂದು ಸಲ, 22 ವರ್ಷ.

ಅವರು ಕೆಲಸ ಬಿಡುವ ದಿನ ನಾವೆಲ್ಲ ದುಡ್ಡು ಹಾಕಿ ಒಂದು ರೇಷ್ಮೆ ಸೀರೆ ತಂದೆವು. ಜೊತೆಗೆ ಒಂದು ಕಾರ್ಡು. ಕನ್ನಡ ಬರವಣಿಗೆ ಚೆಂದ ಅಂತ ಬರೆಯುವ ಕೆಲಸ ನನಗೆ ಬಂತು. ಪೆನ್ ಮುಚ್ಚಳ ತೆಗೆದು "ನಮ್ಮ ಪ್ರೀತಿಯ" ಅಂತ ಬರೆದು ನಿಂತೆ. ಮುಂದೆ ಏನು ಬರೆಯಲಿ? ಸ್ಟಾಫ್ ರೂಮಿನಲ್ಲಿ ಹದಿನೇಳು ಜನ ಇದ್ದೆವು. ಒಬ್ಬರಿಗೂ ಅವರ ಹೆಸರು ಗೊತ್ತಿರಲಿಲ್ಲ. ಕೊನೆಗೆ ಆಫೀಸಿಗೆ ಹೋಗಿ ಸಂಬಳದ ಪುಸ್ತಕ ತೆಗೆಸಿ ನೋಡಿದೆ. ಅದು ನನ್ನ ಅಜ್ಜಿಯ ಹೆಸರು. ಚಿಕ್ಕಂದಿನಲ್ಲಿ ಸಂಜೆಯಾದರೆ ಮನೆಯವರೆಲ್ಲ ಹಿತ್ತಲ ಕಡೆ ತಿರುಗಿ ಕೂಗುತ್ತಿದ್ದ ಹೆಸರು. ಅದನ್ನು ಅಷ್ಟು ವರ್ಷ ಪಕ್ಕದಲ್ಲೇ ಇಟ್ಟುಕೊಂಡು ನಾನು ಒಂದು ಸಲವೂ ಕೂಗಿರಲಿಲ್ಲ.

ಅದಕ್ಕೇ ಮಕ್ಕಳೇ, ನಿಮಗೆ ಹೋಂವರ್ಕ್. ಈ ವಾರ ಮುಗಿಯುವುದರೊಳಗೆ ನಿಮ್ಮ ಆಯಮ್ಮಂದಿರ ಹೆಸರು, ಗೇಟಿನ ಅಣ್ಣನ ಹೆಸರು, ಬಸ್ಸಿನ ಡ್ರೈವರ್ ಹೆಸರು ಕೇಳಿ ತಿಳಿದುಕೊಳ್ಳಿ. ಹೆಸರು ಹಿಡಿದು ಕರೆಯಬೇಕು ಅಂತಲ್ಲ, ದೊಡ್ಡವರನ್ನು ಹಾಗೆ ಕರೆಯಬಾರದು. ಹೆಸರಿಗೆ ಅಮ್ಮ ಸೇರಿಸಿ, ಅಣ್ಣ ಸೇರಿಸಿ. ಬಸ್ಸಿನ ಅಣ್ಣ "ಯಾಕೋ?" ಅಂತ ಕೇಳಿದರೆ ಮಿಸ್ ಹೇಳಿದರು ಅನ್ನಿ.

ಹೊಸದಾಗಿ ಸೇರಿದ ಮಕ್ಕಳು ಎಲ್ಲಿದ್ದೀರಿ, ಕೈ ಎತ್ತಿ? ಅಬ್ಬಾ, ಇಷ್ಟೊಂದು! ನಿಮಗೆ ಇವತ್ತು ಊಟದ ಹೊತ್ತು ಎಲ್ಲಕ್ಕಿಂತ ಕಷ್ಟ ಅಂತ ನನಗೆ ಗೊತ್ತು. ಡಬ್ಬಿ ಹಿಡಿದು ಯಾರ ಪಕ್ಕ ಕೂರುವುದು ಅಂತ ನಿಲ್ಲುತ್ತೀರಿ. ಹಳಬರು ಯಾರಾದರೂ ಆಗ "ಏಯ್ ನ್ಯೂ ಅಡ್ಮಿಷನ್" ಅಂತ ಕರೆದರೆ ತಿರುಗಬೇಡಿ. ಹೆಸರು ಕೇಳಿ ಕರೆದರೆ ಮಾತ್ರ ಹೋಗಿ.

ಶಿಕ್ಷಕರಿಗೆ ಒಂದೇ ಕೋರಿಕೆ. ಈಗ ಹಾಜರಿ ಆ್ಯಪ್‌ನಲ್ಲಿ ಬಂದಿದೆ, ಬಾರದವರ ಮೇಲೆ ಬೆರಳು ಒತ್ತಿದರೆ ಮುಗಿಯಿತು, ಅಮ್ಮನ ಮೊಬೈಲಿಗೆ ಮೆಸೇಜು ಹೋಗುತ್ತದೆ. ಅನುಕೂಲವೇ. ಆದರೆ ಅದರಲ್ಲಿ ಬಾರದ ಮಗುವಿನ ಹೆಸರು ಮಾತ್ರ ನಮ್ಮ ಕಣ್ಣಿಗೆ ಬೀಳುತ್ತದೆ, ಬಂದು ಕೂತ ಮಗುವಿನದ್ದು ಬೀಳುವುದಿಲ್ಲ. ಇವತ್ತೊಂದು ದಿನ ಪಟ್ಟಿಯನ್ನು ನೀವು ಓದಬೇಡಿ. ಮಗುವೇ ಎದ್ದು ತನ್ನ ಹೆಸರು ಹೇಳಲಿ. ನೀವು ಅದನ್ನು ಕೇಳಿ, ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಕನ್ನಡದಲ್ಲಿ ಬರೆದುಕೊಳ್ಳಿ. ಹ್ರಸ್ವ, ದೀರ್ಘ, ಲ, ಳ, ನ, ಣ ಎಲ್ಲಾ ಸಿಗುತ್ತದೆ. ಕನ್ನಡ ಬಾರದ ಟೀಚರ್‌ಗಳು ಇದ್ದೀರಿ, ನಿಮ್ಮ ಭಾಷೆಯಲ್ಲೇ ಬರೆದುಕೊಳ್ಳಿ, ಇಂಗ್ಲಿಷ್ ಒಂದು ಬಿಟ್ಟು. 50 ಮಕ್ಕಳು ಅಂದರೆ ಒಂದು ಪೀರಿಯಡ್ ಪೂರ್ತಿ ಹೋಗುತ್ತದೆ. ಪ್ರಿನ್ಸಿಪಾಲರು ಇಲ್ಲೇ ಕೂತಿದ್ದಾರೆ, ಅವರ ಎದುರಿಗೇ ಕೇಳುತ್ತಿದ್ದೇನೆ, ಆ ಒಂದು ಪೀರಿಯಡ್ ಕೊಡಿ. ತಲೆ ಆಡಿಸಿದರು. ನೋಡಿದಿರಲ್ಲ ಎಲ್ಲರೂ?

ಕೂಗಿದಾಗ ಮಗು ಏನು ಅನ್ನಬೇಕು ಎಂಬುದೂ ಒಂದು ಚರ್ಚೆ. ಪ್ರೆಸೆಂಟ್ ಮಿಸ್, ಯೆಸ್ ಮಿಸ್, ಹಾಜರ್ ಸರ್. ನಾನು ಓದಿದ ಸರ್ಕಾರಿ ಶಾಲೆಯಲ್ಲಿ "ಬಂದೀನಿ ಸಾ" ಅನ್ನುತ್ತಿದ್ದೆವು. ನನಗೆ ಈಗಲೂ ಅದೇ ಇಷ್ಟ. ಮಳೆಯಲ್ಲಿ ನಡೆದು, ಕೆಸರು ದಾಟಿ ಬಂದವರ ಬಾಯಲ್ಲಿ ಆ ಮಾತಿಗೆ ತೂಕ ಇತ್ತು. ನೀವು ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ ದಾಟಿ ಬಂದವರು, ನಿಮಗೂ ಆ ಮಾತು ಹೇಳುವ ಹಕ್ಕಿದೆ.

ಬೆಲ್ ಆಗೋಕೆ ಎರಡೇ ನಿಮಿಷ ಅಂತ ಆ ಕಡೆಯಿಂದ ಸನ್ನೆ ಮಾಡುತ್ತಿದ್ದಾರೆ. ಎಲ್ಲರಿಗೂ ಈ ವರ್ಷ ಒಳ್ಳೆಯದಾಗಲಿ. ಕ್ಲಾಸಿಗೆ ಹೋಗಿ.

(ಇಷ್ಟು ಹೇಳಿ ವೇದಿಕೆಯಿಂದ ಇಳಿದೆ. ಸಾಲು ಸಾಲಾಗಿ ಮಕ್ಕಳು ಕ್ಲಾಸಿಗೆ ಹೋಗುತ್ತಿದ್ದರು. ನಿರೂಪಣೆ ಮಾಡಿದ ಹುಡುಗಿ ಮಾತ್ರ ಮೈಕಿನ ವೈರು ಸುತ್ತಿಡುವ ನೆಪದಲ್ಲಿ ಅಲ್ಲೇ ಉಳಿದಿದ್ದಳು. ನನ್ನ ಹತ್ತಿರ ಬಂದು ಕಾರ್ಡು ಮುಂದೆ ಹಿಡಿದಳು. ಇಂಗ್ಲಿಷಿನ ಹೆಸರಿನ ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಕನ್ನಡದಲ್ಲಿ ಬರೆದಿದ್ದಳು. "ಹೀಗಾ ಮಿಸ್?" ಅಂದಳು. ಹೌದು ಅಂದೆ. ಓದಿದಳು. ನಾಲಿಗೆ ಮತ್ತೆ ಲ ಕಡೆಗೇ ಹೋಯಿತು. ತಾನೇ ತಲೆ ಅಡ್ಡ ಆಡಿಸಿ, ಒಂದು ಸಲ ಉಗುಳು ನುಂಗಿ, ಇನ್ನೊಂದು ಸಲ ಓದಿದಳು. ಈ ಸಲ ಳ ಬಂತು.

"ಬಂದೀನಿ ಸಾ" ಅಂದೆ.)